ಗಡಿ ದಾಟಿದ ಸಿಮ್ಮಿನ ದುಬಾರಿ ಲೆಕ್ಕ

ಬೀದರ್ ಜಿಲ್ಲೆಯ ಔರಾದ ತಾಲೂಕಿನ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದಕ್ಕೆ ತೆಲಂಗಾಣ. ಒಂದು ಕಾಲಕ್ಕೆ ಪಕ್ಕದ ಮಹಾರಾಷ್ಟ್ರದ ಉದಗೀರಕ್ಕೆ ಹೋಗಿ ಬಂದರೂ ರೋಮಿಂಗ್ ದರ ಬೀಳುತ್ತಿತ್ತು. ಬಂದ ಕರೆ ಎತ್ತಿದರೂ ದುಡ್ಡು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2013 ಮತ್ತು 2015ರಲ್ಲಿ ದರ ತಗ್ಗಿಸಿತು, 2017ರ ಹೊತ್ತಿಗೆ ಪೈಪೋಟಿಗೆ ಬಿದ್ದ ಕಂಪನಿಗಳು ಅದನ್ನು ಕೈಬಿಟ್ಟವು. ಅದೇ ವರ್ಷ ಜೂನ್ 15ರಿಂದ ಐರೋಪ್ಯ ಒಕ್ಕೂಟವೂ ತನ್ನ ದೇಶಗಳ ನಡುವಿನ ಹೆಚ್ಚುವರಿ ಶುಲ್ಕ ತೆಗೆದುಹಾಕಿತು.

ಆದರೆ ದುಬೈ, ಜಿದ್ದಾಗಳ ಮಾತೇ ಬೇರೆ; ಅಲ್ಲಿ ನಮ್ಮ ಸಿಮ್ಮಿಗೆ ರೋಮಿಂಗ್ ದರ ಈಗಲೂ ಬೀಳುತ್ತದೆ.

ಬೀದರ್, ಭಾಲ್ಕಿ ಕಡೆಯಿಂದ ದುಡಿಯಲೋ ಹಜ್‌ಗೋ ಹೊರಟವರು ಪೆಟ್ಟಿಗೆ ಕಟ್ಟುವಷ್ಟೇ ಜತನದಿಂದ ಫೋನನ್ನೂ ಸಜ್ಜುಗೊಳಿಸಬೇಕು. ಪ್ಯಾಕ್ ಹಾಕಿಸದಿದ್ದರೆ ಡೇಟಾ ರೋಮಿಂಗ್ ಬಂದ್ ಇರಲಿ; ಇಲ್ಲವಾದರೆ ಆ್ಯಪ್‌ಗಳು ತಾವಾಗಿಯೇ ಡೇಟಾ ನುಂಗುತ್ತವೆ. ನಾಲ್ಕು ದಿನದ ಪ್ರವಾಸಕ್ಕೆ ರೋಮಿಂಗ್ ಪ್ಯಾಕ್ ಸಾಕು. ತಿಂಗಳುಗಟ್ಟಲೆ ಇರುವವರಿಗೆ ಅಲ್ಲಿನ ಸಿಮ್ಮೇ ಅಗ್ಗ. ಊರಿನ ಸಿಮ್ಮನ್ನು ಮಾತ್ರ ಬಿಸಾಡುವಂತಿಲ್ಲ, ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧವಿರುವುದರಿಂದ ಅದನ್ನೇ ನಂಬಿ ಹೋಗುವುದೂ ಸಲ್ಲ.

ಪ್ಯಾಕಿನ ಷರತ್ತುಗಳು ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತವೆ. ಯಾವ ದೇಶಕ್ಕೆ, ಎಷ್ಟು ದಿನ, ಮುಗಿದ ಮೇಲೆ ಎಷ್ಟು ದರ ಎಂಬ ಮೂರು ಸಾಲನ್ನು ಕಂಪನಿಗಳು ಔರಾದದ ರಿಚಾರ್ಜ್ ಅಂಗಡಿಯ ಗೋಡೆಯ ಮೇಲೂ ಕನ್ನಡದಲ್ಲಿ ಬರೆಸಲಿ.