ಉಳಿತಾಯದ ಪಾಠ ಅಡುಗೆಮನೆಗೆ ಮಾತ್ರ ಯಾಕೆ?

ತಿಂಗಳ ಇಪ್ಪತ್ತನೇ ತಾರೀಕು ದಾಟಿದರೆ ಸಾಕು, ನಮ್ಮ ಹೆಚ್ಚಿನ ಮನೆಗಳಲ್ಲಿ ಒಂದೇ ಪ್ರಶ್ನೆ. 'ಕೊಟ್ಟ ಹಣ ಇಷ್ಟು ಬೇಗ ಎಲ್ಲಿಗೆ ಹೋಯಿತು?' ಕೇಳುವವರು ಗಂಡಸರು, ಉತ್ತರ ಹೇಳಬೇಕಾದವರು ಹೆಂಗಸರು. ದುಂದು ಮಾಡಬೇಡಿ, ಹಿತಮಿತವಾಗಿ ಬದುಕಿ ಎಂಬ ಉಪದೇಶವೂ ಅಷ್ಟೇ, ವೇದಿಕೆಯಿಂದ ಹೊರಟದ್ದು ನೇರ ಅಡುಗೆಮನೆಗೆ ಬಂದು ನಿಲ್ಲುತ್ತದೆ. ಎಣ್ಣೆ ಕಡಿಮೆ ಹಾಕಿ, ಗ್ಯಾಸ್ ಉಳಿಸಿ, ಲೈಟ್ ಆಫ್ ಮಾಡಿ. ಎಲ್ಲ ಸರಿಯೇ. ಆದರೆ ಈ ಪಾಠವನ್ನು ಯಾರಿಗೆ ಹೇಳುತ್ತಿದ್ದೇವೆ ಎಂದು ಒಮ್ಮೆ ನೋಡಬೇಡವೇ? ಬೀಡಿ ಕಟ್ಟಿ ವಾರದ ಮಜೂರಿಯಲ್ಲಿ ಮಕ್ಕಳ ಫೀಸು ತುಂಬಿದ, ಚೀಟಿ ಹಾಕಿ ಮಗಳಿಗೆ ಒಂದೊಂದೇ ಪವನ್ ಮಾಡಿಸಿದ ಉಮ್ಮಂದಿರಿಗೆ ಉಳಿತಾಯ ಕಲಿಸಲು ಹೋಗುವುದು ಮೀನಿಗೆ ಈಜು ಕಲಿಸಿದ ಹಾಗೆ.

ಅವರಿಗೆ ಗೊತ್ತಿರುವುದನ್ನೇ ನಾಲ್ಕು ಮಾತಿನಲ್ಲಿ ಹೇಳಿದರೆ ಹೊಸದಾಗಿ ಸಂಸಾರ ಹೂಡಿದವರಿಗೆ ಉಪಯೋಗಕ್ಕೆ ಬಂದೀತು. ನಮ್ಮ ಕುಚ್ಚಲಕ್ಕಿ ಬೇಯಲು ಬೆಳ್ತಿಗೆ ಅಕ್ಕಿಗಿಂತ ತುಂಬಾ ಹೊತ್ತು ಬೇಕು. ಮುಕ್ಕಾಲು ಗಂಟೆ ಗ್ಯಾಸ್ ಉರಿಸುವ ಬದಲು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ ಥರ್ಮಲ್ ಕುಕ್ಕರಿನ ಡಬ್ಬಿಯೊಳಗಿಟ್ಟು ಮುಚ್ಚಿದರೆ ಸಾಕು, ಒಂದೂವರೆ ಗಂಟೆಯೊಳಗೆ ಅನ್ನ ತಾನಾಗಿ ಬೆಂದಿರುತ್ತದೆ. ಕಡಲೆ, ಹೆಸರು ರಾತ್ರಿಯೇ ನೆನೆಹಾಕಿದರೆ ಬೆಳಿಗ್ಗೆ ಎರಡು ವಿಸಿಲ್ ಉಳಿಯಿತು. 14.2 ಕಿಲೋದ ಸಿಲಿಂಡರ್ ಒಂದೆರಡು ವಾರ ಹೆಚ್ಚು ಬರುವುದು ಇಂಥದ್ದರಿಂದಲೇ. ಮಳೆಗಾಲದ ಬಸಳೆ, ತೊಂಡೆ, ಹಿತ್ತಿಲ ನುಗ್ಗೆಸೊಪ್ಪು, ಮಣ್ಣು ಹಚ್ಚಿ ಜೋಪಾನ ಮಾಡಿದ ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ, ಇವೆಲ್ಲ ಸಂತೆಯ ಚೀಲವನ್ನು ಹಗುರ ಮಾಡುವ ಸಂಗತಿಗಳು. ಫ್ಲ್ಯಾಟಿನಲ್ಲಿರುವವರಿಗೆ ಹಿತ್ತಿಲೆಲ್ಲಿಂದ ಎಂದು ಕೇಳಬಹುದು. ಎರಡು ಹಳೇ ಬಕೆಟಿನಲ್ಲಿ ಬಸಳೆ ಬಳ್ಳಿ ಬಾಲ್ಕನಿಯಲ್ಲೂ ಹಬ್ಬುತ್ತದೆ, ಮಾರಾಯ್ರೆ.

ಮೀನಿನ ಲೆಕ್ಕ ಬೇರೆಯೇ ಉಂಟು. ಮೀನಿಲ್ಲದೆ ನಮಗೆ ಊಟ ಇಳಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳು ಮಾರುಕಟ್ಟೆಗೆ ಬರುವುದು ನಾಡದೋಣಿಯ ಸ್ವಲ್ಪ ಮೀನು, ಉಳಿದದ್ದು ಹೊರಗಿನ ಐಸಿನ ಮೀನು. ಕ್ರಯ ಕೇಳಿದರೆ ಕೈ ಹಿಂದಕ್ಕೆ ಬರುತ್ತದೆ. ಹಿಂದಿನವರು ಬೇಸಿಗೆಯಲ್ಲೇ ಒಣಮೀನು ಮಾಡಿಟ್ಟುಕೊಳ್ಳುತ್ತಿದ್ದುದು ರುಚಿಗೆ ಮಾತ್ರವಲ್ಲ, ಈ ಎರಡು ತಿಂಗಳ ಲೆಕ್ಕ ನೋಡಿಯೇ. ಬೋಟುಗಳು ಕಡಲಿಗಿಳಿದು ಬೂತಾಯಿ, ಬಂಗುಡೆ ರಾಶಿ ಬಿದ್ದಾಗಲೂ ಅಂಜಲ್ ಮಾತ್ರ ಮೀನು ಎಂದು ಹಟ ಹಿಡಿಯುವವರಿಗೆ ನಾವೇನೂ ಹೇಳುವಂತಿಲ್ಲ. ಬೂತಾಯಿಯಲ್ಲಿರುವ ಸತ್ವ ಅಂಜಲಿನಲ್ಲಿರುವುದಕ್ಕಿಂತ ಕಡಿಮೆಯೇನಲ್ಲ. ನೆಂಟರು ಬಂದಾಗ ಬಡಿಸಲು ನಾಚಿಕೆ, ಅಷ್ಟೇ ವ್ಯತ್ಯಾಸ.

ಕರೆಂಟಿನದ್ದೂ ಸ್ವಲ್ಪ ನೋಡಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಎ.ಸಿ. ಇರುವ ಮನೆಗಳು ದಾಟುವುದು ಹೀಗೆ. ಬಾವಿಯ ಪಂಪು ಒಂದು ಎಚ್.ಪಿ.ಯದ್ದಾದರೆ ಗಂಟೆಗೆ ಮುಕ್ಕಾಲು ಯೂನಿಟ್ಟಿಗೆ ಕಡಿಮೆಯಿಲ್ಲ. ಟ್ಯಾಂಕ್ ತುಂಬಿ ಹೊರಗೆ ಚೆಲ್ಲುವವರೆಗೆ ಪಂಪು ಓಡಿಸಿದರೆ ನೀರಿನ ಜೊತೆ ದುಡ್ಡೂ ಚೆಲ್ಲಿತು. ಮೀಟರನ್ನು ಹದಿನೈದನೇ ದಿನಕ್ಕೊಮ್ಮೆ ನೋಡುವ ಅಭ್ಯಾಸವಿದ್ದರೆ ಉಳಿದ ದಿನಗಳಿಗೆ ಕಡಿವಾಣ ಹಾಕಬಹುದು.

ಮದ್ದಿನ ಖರ್ಚು ಇದಕ್ಕಿಂತ ದೊಡ್ಡದು. ಸಕ್ಕರೆ ಕಾಯಿಲೆ, ಬಿ.ಪಿ. ಇಲ್ಲದ ಮನೆ ನಮ್ಮಲ್ಲಿ ಈಗ ಹುಡುಕಿದರೂ ಸಿಗಲಿಕ್ಕಿಲ್ಲ. ಜೀವನಪೂರ್ತಿ ನುಂಗಬೇಕಾದ ಗುಳಿಗೆಗಳು ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡಿನ ಅರ್ಧ ಕ್ರಯಕ್ಕಿಂತಲೂ ಕಡಿಮೆಗೆ ಸಿಗುತ್ತವೆ. ಒಳಗಿರುವ ಮದ್ದು ಒಂದೇ, ಹೆಸರು ಮತ್ತು ಡಬ್ಬಿ ಮಾತ್ರ ಬೇರೆ. ಡಾಕ್ಟರರಿಗೆ ಚೀಟಿ ತೋರಿಸಿ, 'ಇದರ ಜೆನೆರಿಕ್ ತೆಗೆದುಕೊಳ್ಳಬಹುದೇ' ಎಂದು ಒಂದು ಮಾತು ಕೇಳಿದರೆ ಅವರೇನೂ ಬೈಯುವುದಿಲ್ಲ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವುಂಟು. ಕಾರ್ಡ್ ಮಾಡಿಸಲು ಆಸ್ಪತ್ರೆಯ ಮಂಚದ ಮೇಲೆ ಮಲಗುವವರೆಗೆ ಕಾಯುವುದೇಕೆ?

ಇಷ್ಟೆಲ್ಲ ಮಾಡಿದ ಮೇಲೂ ಕೈಯಲ್ಲಿ ಹಣ ನಿಲ್ಲುವುದಿಲ್ಲ ಎಂದರೆ ತೂತು ಬೇರೆ ಕಡೆ ಉಂಟು ಎಂದೇ ಅರ್ಥ. ನಮ್ಮ ಅಭಿಪ್ರಾಯದಲ್ಲಿ ಆ ತೂತು ಇರುವುದು ಅಡುಗೆಮನೆಯಲ್ಲಲ್ಲ, ಅಂಗಿಯ ಕಿಸೆಯಲ್ಲಿ.

ಬೆಳಿಗ್ಗೆ ಒಂದು ಚಹಾ, ಬನ್ಸ್. ಸಂಜೆ ಸ್ನೇಹಿತರ ಜೊತೆ ಇನ್ನೊಂದು ಚಹಾ, ಏನಾದರೂ ಕರಿದದ್ದು. ದಿನಕ್ಕೆ 50 ರೂಪಾಯಿ ಎಂದೇ ಇಟ್ಟುಕೊಳ್ಳಿ. ತಿಂಗಳಿಗೆ 1,500, ವರ್ಷಕ್ಕೆ 18,000. ಸಿಗರೇಟಿನ ಚಟ ಇದ್ದರೆ ಅದರ ಲೆಕ್ಕ ಇದರ ಮೇಲೆ. ಈ ಹಣದ ಬಗ್ಗೆ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಕೇಳಿದರೆ ಜಗಳ. ಅದೇ ಮನೆಯಲ್ಲಿ ಹೆಂಡತಿ 40 ರೂಪಾಯಿಯ ಸಾಬೂನು ತಂದರೆ, 'ಇದು ಬೇಕಿತ್ತಾ?' ದಿನವಿಡೀ ದುಡಿದವನು ಒಂದು ಚಹಾ ಕುಡಿಯಬಾರದೇ ಎಂದು ಕೇಳುವವರಿದ್ದಾರೆ. ಧಾರಾಳ ಕುಡಿಯಲಿ. ಸಾಬೂನು ಬರೆದ ಪುಸ್ತಕದಲ್ಲಿ ಚಹಾವನ್ನೂ ಬರೆಯಲಿ ಎಂದಷ್ಟೇ ನಾವು ಹೇಳುವುದು.

ಗೃಹಲಕ್ಷ್ಮಿಯ 2,000 ಬಂದ ಮೇಲಂತೂ ಕೆಲವು ಮನೆಗಳಲ್ಲಿ ಹೊಸ ಲೆಕ್ಕ ಶುರುವಾಗಿದೆ. 'ನಿನಗೆ ಸರ್ಕಾರ ಕೊಡುತ್ತದಲ್ಲ' ಎಂದು ಮನೆಖರ್ಚಿಗೆ ಕೊಡುವುದರಲ್ಲಿ ಅಷ್ಟನ್ನೇ ಕಡಿತ ಮಾಡುವುದು. ಹೆಂಗಸರ ಕೈಗೆ ಬಂದ ಹಣ ಹೀಗೆ ತಿರುಗಿ ಗಂಡಸರ ಕಿಸೆಗೇ ಸೇರಿತು. ಶಕ್ತಿ ಯೋಜನೆಯ ಉಚಿತ ಬಸ್ಸೂ ಜಿಲ್ಲೆಯಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಖಾಸಗಿ ಬಸ್ಸೇ ಓಡುವ ರೂಟಿನ ಹುಡುಗಿಯರು ಕಾಲೇಜಿಗೆ ಟಿಕೆಟ್ ಕೊಟ್ಟೇ ಹೋಗಬೇಕು. ಆ ಟಿಕೆಟಿನ ಹಣ ತಿಂಗಳ ಕೊನೆಗೆ ಇಲ್ಲವಾದರೆ ಮೊದಲು ನಿಲ್ಲುವುದು ಯಾರ ಕಾಲೇಜು ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸಾಲ. ಅಂಗಡಿಯ ಉದ್ರಿಯಿಂದಲೇ ಹಿಡಿಯೋಣ. ಉದ್ರಿ ಪುಸ್ತಕ ಇರುವವನು ಕ್ರಯ ಕೇಳುವ ಹಾಗಿಲ್ಲ, ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ, ತೂಕದಲ್ಲಿ ಕಮ್ಮಿಯಾದರೂ ಬಾಯಿ ಬಿಡುವ ಹಾಗಿಲ್ಲ. ಹೇಗಾದರೂ ಒಂದು ತಿಂಗಳ ಬಾಕಿ ತೀರಿಸಿ ನಗದಿಗೆ ಬಂದರೆ ಅದೇ ಸಾಮಾನು ನೂರು ಇನ್ನೂರು ಕಡಿಮೆಗೆ ಬರುತ್ತದೆ. ಮೊಬೈಲ್ ಅಂಗಡಿಯ 'ಬಡ್ಡಿಯಿಲ್ಲದ ಇಎಂಐ'ಯಲ್ಲಿ ಪ್ರೊಸೆಸಿಂಗ್ ಫೀ ಎಂಬ ಒಂದು ಸಾಲು ಎಲ್ಲೋ ಕೆಳಗೆ ಇರುತ್ತದೆ. ನಗದು ಕೊಟ್ಟರೆ ಸಿಗುತ್ತಿದ್ದ ಡಿಸ್ಕೌಂಟೂ ಹೋಗಿರುತ್ತದೆ.

ಎಲ್ಲಕ್ಕಿಂತ ಭಾರದ್ದು ಚಿನ್ನದ ಅಡವು. ಬಡ್ಡಿಯ ಬಗ್ಗೆ ದೀನ್ ಏನು ಹೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ಹೆಂಡತಿಯ ಸರ, ಬಳೆ ಹೋಗಿ ಕೂರುವುದು ಬಡ್ಡಿಯ ಕಪಾಟಿನಲ್ಲಿ. 50,000 ಸಾಲಕ್ಕೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 500 ಆಯಿತು. ಬಡ್ಡಿ ಮಾತ್ರ ಕಟ್ಟಿ ಎರಡು ವರ್ಷ ಮುಂದೂಡಿದರೆ 12,000 ಹೋಯಿತು, ಅಸಲು ಇದ್ದ ಹಾಗೇ ಉಂಟು, ಸರವೂ ಅಲ್ಲೇ ಉಂಟು. ಕಟ್ಟಲಾಗದೆ ಹರಾಜಿಗೆ ಹೋದರೆ ಉಮ್ಮನ ಬೀಡಿಯ ಮಜೂರಿ, ಚೀಟಿಯ ಹಣ ಎಲ್ಲ ಒಂದೇ ದಿನದಲ್ಲಿ ಮುಗಿಯಿತು. ಅಡವಿಟ್ಟದ್ದು ಯಾಕೆ ಎಂದು ಹುಡುಕಿದರೆ ಹೆಚ್ಚಿನ ಸಲ ಕಾಯಿಲೆಯಲ್ಲ, ಒಂದು ಕಾರ್ಯಕ್ರಮ. ಮದುವೆಯದ್ದು ಎಲ್ಲರೂ ಬರೆದಾಗಿದೆ, ನಾವು ಮತ್ತೆ ಬರೆಯುವುದಿಲ್ಲ. ಮದುವೆಯ ಹಿಂದೆ ಮುಂದೆ ಬರುವ ಮೆಹಂದಿ, ಬಾಣಂತಿಯನ್ನು ಕರೆದೊಯ್ಯುವ ಜೀಪುಗಟ್ಟಲೆ ಜನ, ಗೃಹಪ್ರವೇಶದ ಬಿರಿಯಾನಿ, ಇವುಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಪವಾಸದ ತಿಂಗಳಲ್ಲಿ ಒಂದು ಹೊತ್ತಿನ ಊಟ ಕಡಿಮೆಯಾಗಿಯೂ ಕಿರಾಣಿ ಬಿಲ್ ಹೆಚ್ಚಾಗುವುದು ಯಾವ ಲೆಕ್ಕವೋ ನಮಗೆ ಇನ್ನೂ ತಿಳಿದಿಲ್ಲ.

ಚಿನ್ನದ ಮಾತು ಬಂದಾಗ ಇನ್ನೊಂದನ್ನು ಹೇಳಿಬಿಡುತ್ತೇವೆ. ಡಿಸೈನ್ ಹಳತಾಯಿತೆಂದು ಸರ ಕೊಟ್ಟು ಸರ ತರುವವರು ಮಜೂರಿ ಮತ್ತೊಮ್ಮೆ ಕೊಡುತ್ತಾರೆ, ಶೇ. 3 ಜಿ.ಎಸ್.ಟಿ. ಮತ್ತೊಮ್ಮೆ ಕೊಡುತ್ತಾರೆ, ಹಳೆಯದರ ತೂಕದಲ್ಲೂ ಕಳೆದುಕೊಳ್ಳುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ಹೆಂಗಸರಿಗೂ ಸ್ವಲ್ಪ ಹೇಳಬೇಕು.

ಹಾಗಾದರೆ ಮಾಡುವುದೇನು? ದೊಡ್ಡದೇನೂ ಇಲ್ಲ. ಒಂದು ನೋಟ್‌ಬುಕ್. ತಿಂಗಳ ಮೊದಲ ವಾರ ಗಂಡ, ಹೆಂಡತಿ, ಪಿಯುಸಿಗೆ ಬಂದ ಮಕ್ಕಳಿದ್ದರೆ ಅವರೂ ಕೂತು, ಬಂದದ್ದೆಷ್ಟು, ಕೊಡಬೇಕಾದ ಸಾಲ ಯಾರಿಗೆಷ್ಟು, ಯಾರ ಕೈಖರ್ಚು ಎಷ್ಟು ಎಂದು ಬರೆಯುವುದು. ಇದರಲ್ಲಿ ಕಷ್ಟವಿರುವುದು ಬರೆಯುವುದರಲ್ಲಲ್ಲ, ಗಂಡಸರು ತಮ್ಮ ಸಂಪಾದನೆ ಮತ್ತು ಸಾಲವನ್ನು ಬಾಯಿಬಿಟ್ಟು ಹೇಳುವುದರಲ್ಲಿ. ಗಲ್ಫಿನಲ್ಲಿರುವವರ ಮನೆಗಳಲ್ಲಿ ಇದು ಇನ್ನೂ ಗಂಭೀರ. ಅಲ್ಲಿ ಸಂಬಳ ಎರಡು ತಿಂಗಳು ತಡವಾದದ್ದು ಇಲ್ಲಿ ಗೊತ್ತಿರುವುದಿಲ್ಲ. ಸ್ನೇಹಿತನಿಂದ ಸಾಲ ಮಾಡಿ ಕಳುಹಿಸಿದ ಹಣವನ್ನು ಸಂಬಳವೆಂದೇ ತಿಳಿದು ಇಲ್ಲಿ ಮನೆಗೆ ಗ್ರಾನೈಟ್ ಹಾಕಿಸುತ್ತಾರೆ. ಮನೆಯವರಿಗೆ ಚಿಂತೆ ಯಾಕೆ ಎಂದು ಮುಚ್ಚಿಡುವುದು ಪ್ರೀತಿಯಿಂದಲೇ ಇರಬಹುದು. ಆದರೆ ಹಣ ಎಷ್ಟು ಉಂಟು ಎಂದು ಗೊತ್ತಿಲ್ಲದವರು ಅದನ್ನು ಉಳಿಸುವುದು ಹೇಗೆ?

ಪುಸ್ತಕದಲ್ಲಿ ಮೊದಲ ಸಾಲು ಜೂನ್ ತಿಂಗಳಿಗಿರಲಿ. ಫೀಸು, ಯೂನಿಫಾರಂ, ಕೊಡೆ, ರೈನ್‌ಕೋಟ್, ಶೂ ಎಲ್ಲ ಒಟ್ಟಿಗೆ ಬಂದು ಬೀಳುವ ತಿಂಗಳು ಅದು, ಮೀನು ದುಬಾರಿಯಾಗುವ ತಿಂಗಳೂ ಅದೇ. ಕಳೆದ ಜೂನಿನಲ್ಲಿ 24,000 ಬಿದ್ದಿದ್ದರೆ, ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 2,000 ಬೇರೆ ಇಟ್ಟರೆ ಸರ ಕಪಾಟಿನಲ್ಲೇ ಉಳಿಯುತ್ತದೆ. ಪಠ್ಯಪುಸ್ತಕ ದುಡ್ಡು ಕೊಟ್ಟು ಕೊಳ್ಳುವ ಶಾಲೆಯಾದರೆ ಮೇಲಿನ ತರಗತಿಗೆ ಹೋಗುವ ಮಕ್ಕಳ ಮನೆಯಲ್ಲಿ ಮಾರ್ಚಿನಲ್ಲೇ ಕೇಳಿಡಿ. ಮೇ ಕೊನೆಗೆ ಕೇಳಿದರೆ ಗುಜರಿಯವನಿಗೆ ಕೊಟ್ಟಾಗಿರುತ್ತದೆ.