ತೊಟ್ಟಿಯ ನೊರೆಗೆ ಮರುಳಾಗುವ ಮುನ್ನ

ಚಿತ್ರರಸಿಕ ಮಿತ್ರರೇ, 1983ರ ‘ಸ್ಕಾರ್‌ಫೇಸ್’ ನೋಡಿದ್ದೀರಿ ತಾನೇ? ಮದುವೆ ಹಾಲ್‌ನಂಥ ಕೋಣೆ, ನಟ್ಟನಡುವೆ ದುಂಡನೆಯ ತೊಟ್ಟಿ, ಎದೆಮಟ್ಟ ಬಿಳೀ ನೊರೆ, ಬಾಯಲ್ಲಿ ಚುಟ್ಟಾ! ಆಲ್ ಪಚಿನೊ ಗತ್ತು ಅಂದ್ರೆ ಅದು. ದುಡ್ಡು ಬಂದ್ರೆ ನಂಗೂ ಒಂದು ಇರ್ಲಿ ಗುರೂ ಅಂತ ಆಸೆಪಡದ ಪಡ್ಡೆ ಹುಡುಗರುಂಟೇ? ಇರಲಿ, ಬೇಡ ಅನ್ನೋರು ಯಾರು? ಆದರೆ ಅಂಥ ತೊಟ್ಟಿಯ ಹೊಟ್ಟೆಯೊಳಗೆ ಕೂತಿರುವ ಒಂದು ಬಟ್ಟೆಯ ಉರುಳೆಯ ಕಥೆ ಮೊದಲು ಕೇಳಿ. ಅದಕ್ಕೆ ಕ್ಲೋಸಪ್ ಕೊಟ್ಟ ಡೈರೆಕ್ಟರನ್ನು ನಾನಂತೂ ಕಂಡಿಲ್ಲ.

ನಮ್ಮ ಬಚ್ಚಲಲ್ಲಿ ಹಂಡೆಯಿಂದ ಮೊಗೆದು ಸುರಿದುಕೊಂಡ ನೀರು ಮೋರಿಗೆ ಹೋಯ್ತು, ಮುಗೀತು. ಕ್ಯಾಲಿಫೋರ್ನಿಯಾ ಕಡೆ ಮನೆಯ ಹಿತ್ತಲಲ್ಲಿ ಇಟ್ಟುಕೊಳ್ಳುವ ಸ್ಪಾ, ಅಂದರೆ ಹಾಟ್ ಟಬ್, ಹಾಗಲ್ಲ. ಸಾವಿರ, ಸಾವಿರದೈನೂರು ಲೀಟರ್ ನೀರು ತುಂಬಿದರೆ ಮೂರು ತಿಂಗಳು ಅದೇ ನೀರು! ಇವತ್ತು ಕೂತವರ ಬೆವರು, ಎಣ್ಣೆ, ಕ್ರೀಮು, ಕೂದಲು ಎಲ್ಲ ನಾಳೆ ಕೂರುವವರಿಗೆ. ಆ ಕೊಳೆ ಹಿಡಿಯೋಕೆ ಇರೋದು ಫಿಲ್ಟರ್ ಒಂದೇ.

ಜಕೂಝಿ ಅನ್ನೋದು ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಅಣ್ಣತಮ್ಮಂದಿರ ಮನೆತನದ ಹೆಸರು. ಅವರದು ಪಂಪಿನ ಕಾರ್ಖಾನೆ. ಅವರಲ್ಲೊಬ್ಬ ಕ್ಯಾಂಡಿಡೊ, ಕೀಲುವಾತದಿಂದ ನರಳುತ್ತಿದ್ದ ಪುಟ್ಟ ಮಗನಿಗಾಗಿ ಮನೆಯ ಟಬ್ಬಿಗೇ ಇಳಿಬಿಡುವ ಪಂಪು ಮಾಡಿದ. ಶೋಕಿಗಲ್ಲ ಸ್ವಾಮಿ, ಮಗನ ಸಂಕಟಕ್ಕೆ! 1968ರಲ್ಲಿ ಅದೇ ಮನೆತನದ ರಾಯ್ ಜಕೂಝಿ, ಪಂಪನ್ನು ತೊಟ್ಟಿಯ ಜೊತೆಗೇ ಕೂಡಿಸಿ ಮಾರುಕಟ್ಟೆಗೆ ತಂದ.

ಈಗ ನಮ್ಮ ಉರುಳೆಗೆ ಬರೋಣ. ಅದಕ್ಕೆ ಕಾರ್ಟ್ರಿಡ್ಜ್ ಅಂತಾರೆ. ಪಾಲಿಯೆಸ್ಟರ್ ಬಟ್ಟೆಯನ್ನು ಲಂಗದ ನೆರಿಗೆಯಂತೆ ಮಡಿಸಿ ಪ್ಲಾಸ್ಟಿಕ್ ಕೊಳವೆಯ ಸುತ್ತ ನಿಲ್ಲಿಸಿರುತ್ತಾರೆ. ನೆರಿಗೆ ಬಿಚ್ಚಿ ಹಾಸಿದರೆ 25, 50, 75 ಚದರಡಿ, ಹೀಗೆ ಮಾಲಿನ ಮೇಲೆ ಹೋಗುತ್ತೆ. ಚದರಡಿ ಹೆಚ್ಚಿದಷ್ಟೂ ಕೊಳೆಗೆ ಜಾಗ ಹೆಚ್ಚು. ಹಾಗಂತ ಅದೇ ಗಾತ್ರದ ಉರುಳೆಗೆ ವಿಪರೀತ ನೆರಿಗೆ ತುರುಕಿದ್ದನ್ನು ಅಂಗಡಿಯವನು ಹೊಗಳಿದರೆ ಹುಷಾರು. ಒತ್ತೊತ್ತಾದ ಸಂದಿಯೊಳಗಿನ ಕೊಳೆ ತೊಳೆಯೋದು ಕಷ್ಟ. ಕೊಳ್ಳಲು ಹೋಗುವಾಗ ಹಳೆಯದರ ಉದ್ದ, ಅಡ್ಡಗಲ, ಎರಡೂ ತುದಿಯ ತೂತಿನ ಅಳತೆ ಬರಕೊಂಡು ಹೋಗಬೇಕು. ಸಡಿಲವಾಗಿ ಕೂತರೆ, ಟಿಕೆಟ್ ಇಲ್ಲದವನು ಗೇಟ್‌ಕೀಪರ್ ಪಕ್ಕದಿಂದ ನುಸುಳಿದ ಹಾಗೆ ಕೊಳೆನೀರು ಬಟ್ಟೆ ಮುಟ್ಟದೆ ದಾಟಿಬಿಡುತ್ತೆ. ಕ್ರಿಮಿ ಬೆಳೆಯದ ಬಟ್ಟೆ ಅಂತ ಬಣ್ಣದ ದುಬಾರಿ ಮಾಲೂ ಉಂಟು. ಅದು ಬಟ್ಟೆಯನ್ನು ಕಾಯುತ್ತೆ, ನೀರನ್ನಲ್ಲ. ನನ್ನ ಕೇಳಿದರೆ ಅದರ ಬದಲು ಎರಡು ಸಾದಾ ಉರುಳೆ ಇಟ್ಟುಕೊಳ್ಳೋದು ವಾಸಿ. ಒಂದು ಟಬ್ಬಿನಲ್ಲಿ, ಇನ್ನೊಂದು ಒಣಗುತ್ತಾ.

ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕರೆಂಟ್ ಆರಿಸಿ, ಉರುಳೆ ತೆಗೆದು, ತೋಟದ ಪೈಪಿನಿಂದ ನೆರಿಗೆ ಬಿಡಿಸಿ ಬಿಡಿಸಿ ತೊಳೆಯಬೇಕು. ಕಾರು ತೊಳೆಯೋ ಪ್ರೆಷರ್ ಗನ್ನು, ತಂತಿ ಬ್ರಷ್ಷು ಎರಡೂ ಬೇಡ, ಬಟ್ಟೆ ಹಾಳು. ಬರೀ ನೀರಿಗೆ ಜಿಡ್ಡು ಬಿಡಲ್ಲ. ಮೂರು ತಿಂಗಳಿಗೊಮ್ಮೆ ಫಿಲ್ಟರ್‌ಗೆಂದೇ ಮಾರುವ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ. ಸುಣ್ಣ ಕಟ್ಟಿದೆ ಅಂತ ಜಿಡ್ಡು ತೆಗೆಯದೆ ಆಸಿಡ್‌ಗೆ ಇಳಿಸಿದಿರೋ, ಜಿಡ್ಡು ಬಟ್ಟೆಗೇ ಕಚ್ಚಿಕೊಳ್ಳುತ್ತೆ. ಬಟ್ಟೆ ಸೋಪಂತೂ ಮುಟ್ಟಲೇಬೇಡಿ! ಸೋಪು ನೆರಿಗೆಯಲ್ಲಿ ಉಳಿದು ಟಬ್ಬೆಲ್ಲ ನೊರೆಯೋ ನೊರೆ. ಪಚಿನೊ ಸೀನಿಗೆ ಅದು ಸೈ. ಸ್ಪಾದಲ್ಲಿ ನೊರೆ ನಿಂತರೆ ನೀರು ಕೆಟ್ಟಿದೆ ಅಂತ ಲೆಕ್ಕ. ಫಿಲ್ಟರ್ ಕಟ್ಟಿಕೊಂಡರೆ ನೀರು ಹರಿಯದೆ ಹೀಟರೂ ತಾನಾಗಿ ನಿಲ್ಲುತ್ತೆ, ಜನ ಮೆಕ್ಯಾನಿಕ್‌ಗೆ ಫೋನ್ ಮಾಡ್ತಾರೆ! ನೆರಿಗೆ ಕುಸಿದರೆ, ತುದಿ ಬಿರಿದರೆ ಹೊಸದು ಹಾಕಿ. ಹೇಗಿದ್ದರೂ ಒಂದೆರಡು ವರ್ಷವೇ ಅದರ ಆಯಸ್ಸು.

ಈಗ ವಿಲನ್ ಎಂಟ್ರಿ. ಹೆಸರು ಲೀಜನೆಲ್ಲ. ಬೆಚ್ಚನೆ ನೀರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಫಿಲ್ಟರ್ ಬಟ್ಟೆಗೆ ಸಿಕ್ಕದಷ್ಟು ಸಣ್ಣ. ಗುಳ್ಳೆ ಒಡೆದಾಗ ಏಳುವ ತುಂತುರಿನ ಜೊತೆ ಸೀದಾ ಶ್ವಾಸಕೋಶಕ್ಕೆ! 1999ರ ಫೆಬ್ರವರಿಯಲ್ಲಿ ಹಾಲೆಂಡಿನ ಬೋವೆನ್‌ಕಾರ್ಸ್ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ಇಂಥದ್ದೊಂದು ಟಬ್ಬನ್ನು ಬರೀ ನೋಡೋಕೆ ಚಾಲೂ ಮಾಡಿಟ್ಟಿದ್ದರು. ಸ್ನಾನಕ್ಕಲ್ಲ! ಅಲ್ಲಿ ಹೂವು ನೋಡಲು ಹೋದವರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಮೂವತ್ತರಷ್ಟು ಮಂದಿ ಸತ್ತೇಹೋದರು. 2011ರಲ್ಲಿ ಲಾಸ್ ಏಂಜಲೀಸಿನ ಪ್ಲೇಬಾಯ್ ಮಹಲಿನ ಪಾರ್ಟಿಗೆ ಹೋಗಿಬಂದ ನೂರಕ್ಕೂ ಹೆಚ್ಚು ಮಂದಿಗೆ ಜ್ವರ, ಕೆಮ್ಮು. ಅಲ್ಲಿನ ಬಿಸಿನೀರ ತೊಟ್ಟಿಯಲ್ಲೂ ಅಧಿಕಾರಿಗಳಿಗೆ ಇದೇ ಲೀಜನೆಲ್ಲ ಸಿಕ್ಕಿತು.

ಇವನನ್ನು ಕೊಲ್ಲೋದು ಕ್ಲೋರಿನ್. ಸ್ಪಾ ನೀರಲ್ಲಿ ಕನಿಷ್ಠ 3 ಪಿಪಿಎಂ ಇರಬೇಕು, ಪಿಎಚ್ 7ರಿಂದ 7.8ರೊಳಗೆ. ಹಾಗಾದ್ರೆ ಫಿಲ್ಟರ್ ಯಾಕೆ ಅಂತೀರಾ? ನೀರಲ್ಲಿ ಕೊಳೆ ತುಂಬಿದ್ದರೆ ಕ್ಲೋರಿನ್ ಎಲ್ಲ ಕೊಳೆಗೇ ಖರ್ಚು. ಹೀರೋ ಇದ್ದ ಗುಂಡನ್ನೆಲ್ಲ ಚಿಲ್ಲರೆ ರೌಡಿಗಳಿಗೆ ಹಾರಿಸಿ, ವಿಲನ್ ಎದುರು ಖಾಲಿ ಪಿಸ್ತೂಲ್ ಹಿಡಿದು ನಿಂತ ಹಾಗೆ.

ಕೊಡಗು, ಚಿಕ್ಕಮಗಳೂರು ಕಡೆ ರೆಸಾರ್ಟುಗಳಲ್ಲಿ ಕೆಲಸಕ್ಕಿರುವ ಓದುಗರೇ, ನಿಮ್ಮ ಉಸ್ತುವಾರಿಯಲ್ಲಿ ಇಂಥ ಟಬ್ಬು ಇದ್ದರೆ ಗಿರಾಕಿ ಇಳಿಯುವ ಮುನ್ನ ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡಿ. ಹೊಸ ಉರುಳೆ ಕೇಳಿದಾಗ ಸಾಹುಕಾರ್ರು “ಇನ್ನೊಂದು ಆರು ತಿಂಗಳು ಓಡ್ಲಿ ಬಿಡಯ್ಯ” ಅಂದರೆ ಹಾಲೆಂಡಿನ ಆ ಹೂವಿನ ಪ್ರದರ್ಶನದ ಕಥೆ ಹೇಳಿ.

ಮುಂದಿನ ವಾರ: ತೆರೆಯ ಮೇಲಿನ ಮಳೆ ಬೀಳೋದು ಎಲ್ಲಿಂದ?