ಮಂಟಪ ಹೊಸದು, ಮೆಹರ್ ಮಾಮೂಲು

ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಯ ಶಾದಿ ಮಹಲ್‌ಗಳಲ್ಲಿ ಈಗ ಒಂದೇ ಹಟ: ‘ನಮ್ಮ ಮದುವೆ ಬೇರೆ ಯಾರ ಮದುವೆಯ ಹಾಗೂ ಇರಬಾರದು.’ ವಧೂವರರ ಹೆಸರಿನ ಮೊದಲಕ್ಷರಗಳನ್ನು ಹೆಣೆದ ಚಿಹ್ನೆ, ಅದನ್ನೇ ಅಂಟಿಸಿದ ನೀರಿನ ಬಾಟಲಿ, ಯಾವುದೋ ಡ್ಯಾಮಿನ ಹಿನ್ನೀರಲ್ಲಿ ತೆಗೆಸಿದ ಪ್ರೀ ವೆಡ್ಡಿಂಗ್ ವಿಡಿಯೋ, ಹೊಗೆಯ ನಡುವೆ ವೇದಿಕೆ ಪ್ರವೇಶ, ನೆತ್ತಿಯ ಮೇಲೆ ಡ್ರೋನ್. ಇದಕ್ಕೆಲ್ಲ ‘ಪರ್ಸನಲ್ ಟಚ್’ ಎಂದು ಹೆಸರು. ಆದರೆ ಶಿವಮೊಗ್ಗದಿಂದಲೋ ದಾವಣಗೆರೆಯಿಂದಲೋ ಬರುವ ಈವೆಂಟ್‌ನವನು ಎಲ್ಲ ಮನೆಗಳಲ್ಲೂ ಬಿಚ್ಚುವುದು ಅದೇ ಆಲ್ಬಮ್ಮು. ಬದಲಾಗುವುದು ಎರಡು ಅಕ್ಷರ ಮಾತ್ರ. ಹಣ ಕೊಟ್ಟವರಿಗೆಲ್ಲ ಸಿಗುವ ಸರಕು ‘ನಮ್ಮದು ಮಾತ್ರ’ ಹೇಗಾದೀತು?

ಈ ಹುಚ್ಚು ಮೇಲಿನಿಂದ ಇಳಿದು ಬಂದದ್ದು. 2016ರ ನವೆಂಬರಿನಲ್ಲಿ, ನೋಟು ರದ್ದಾಗಿ ಜನ ಬ್ಯಾಂಕಿನ ಮುಂದೆ ಸಾಲು ನಿಂತಿದ್ದಾಗ, ಜನಾರ್ದನ ರೆಡ್ಡಿಯವರ ಮಗಳ ಮದುವೆಗೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಂಪಿಯ ಸೆಟ್ಟು ಎದ್ದು ನಿಂತಿತು. ಪೆಟ್ಟಿಗೆ ತೆರೆದರೆ ವಿಡಿಯೋ ಓಡುವ ಆಮಂತ್ರಣ ಮನೆಮನೆಗೆ ಹೋಯಿತು. ನಾಡು ಬೈಯಿತು, ಬೈಯುತ್ತಲೇ ನಕಲು ಮಾಡಿತು. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ಪ್ರೀ ವೆಡ್ಡಿಂಗ್ ಫೋಟೋಗೆಂದು ತೆಪ್ಪ ಹತ್ತಿದ ಜೋಡಿ ಮದುವೆಯ ದಿನ ಕಾಣಲಿಲ್ಲ. 2024ರ ಫೆಬ್ರವರಿಯಲ್ಲಿ ಇಲ್ಲೇ ಪಕ್ಕದ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಕೊಠಡಿಯಲ್ಲಿ ಗುತ್ತಿಗೆ ವೈದ್ಯನೊಬ್ಬ ಸುಳ್ಳು ರೋಗಿಯನ್ನು ಮಲಗಿಸಿ ತನ್ನ ಮದುವೆಯ ವಿಡಿಯೋ ಮಾಡಿಸಿ ಕೆಲಸ ಕಳೆದುಕೊಂಡ. ಈ ಹಪಹಪಿಗೆ ಜಾತಿಯಿಲ್ಲ, ಧರ್ಮವಿಲ್ಲ.

ಬಿಲ್ಲು ಕಟ್ಟುವವರು ಯಾರು? ನ್ಯಾಮತಿಯವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಅಕ್ಟೋಬರಿನಲ್ಲಿ ಇಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ಕಳ್ಳರು ನುಗ್ಗಿ ಹದಿನೇಳು ಕೆಜಿಗೂ ಹೆಚ್ಚು ಚಿನ್ನ ಹೊತ್ತೊಯ್ದರು. 2025ರ ಮಾರ್ಚಿನಲ್ಲಿ ಪೊಲೀಸರು ಅದರ ಬಹುಪಾಲನ್ನು ತಮಿಳುನಾಡಿನ ಒಂದು ಬಾವಿಯಿಂದ ಎತ್ತಿದರು. ಎಲ್ಲರೂ ಕಳ್ಳರ ಚಾಲಾಕಿತನವನ್ನು ಮಾತಾಡಿದರು. ನಾವು ಕೇಳುವುದು ಬೇರೆ: ಇಷ್ಟು ಸಣ್ಣ ಊರಿನ ಒಂದು ಶಾಖೆಯಲ್ಲಿ ಅಷ್ಟೊಂದು ಬಂಗಾರ ಅಡವಿಟ್ಟವರು ಯಾರು? ಮೆಕ್ಕೆಜೋಳ, ಅಡಿಕೆ ನಂಬಿದವರು, ಸಣ್ಣಪುಟ್ಟ ವ್ಯಾಪಾರದವರು. ಹೆಂಗಸರ ಕೊರಳಿನ ಒಡವೆ ಅಡವಿಗೆ ಹೋಗುವುದು ಬೀಜ, ಗೊಬ್ಬರಕ್ಕೆ, ಆಸ್ಪತ್ರೆಗೆ, ಆಮೇಲೆ ಮಗಳ ಮದುವೆಗೆ. ಅಮ್ಮನ ಸರ ಅಡವಿಟ್ಟು ತಂದ ದುಡ್ಡು ಹೊಗೆಯ ಯಂತ್ರದಲ್ಲಿ ಹೊಗೆಯಾಗಿ ಹೋಗುವುದನ್ನು ಸಂಭ್ರಮ ಎನ್ನಲು ನಮ್ಮ ನಾಲಗೆ ಏಳುವುದಿಲ್ಲ.

‘ದುಡ್ಡು ನಮ್ಮದು, ಸಂತೋಷ ನಮ್ಮದು’ ಎನ್ನುವವರಿದ್ದಾರೆ. ಸಂತೋಷಕ್ಕೆ ಇಸ್ಲಾಂ ಅಡ್ಡ ಬಂದಿಲ್ಲ. ಮದುವೆಯಲ್ಲಿ ದಫ್ ಬಾರಿಸಲು ಪ್ರವಾದಿಯವರು ಅನುಮತಿಸಿದ್ದರು. ಆದರೆ ಒಬ್ಬ ಉಳ್ಳವನ ‘ವಿಶೇಷ’ ಮುಂದಿನ ವರ್ಷ ಇಡೀ ಜಮಾತಿನ ಕಡ್ಡಾಯವಾಗುತ್ತದೆ. ಬೀಡಿ ಕಟ್ಟಿ, ಗ್ಯಾರೇಜಿನಲ್ಲಿ ದುಡಿದು ಮಗಳನ್ನು ಸಾಕಿದವನ ಮುಂದೆ ಬೀಗರು ಅದೇ ವಿಡಿಯೋ ಹಿಡಿದು ‘ಇಷ್ಟಾದರೂ ಬೇಡವೇ?’ ಎನ್ನುತ್ತಾರೆ. ಜಹೇಜನ್ನು ನಾಚಿಕೆಯಿಂದ ಕೇಳುತ್ತಿದ್ದವರು ಇದನ್ನು ಹೆಮ್ಮೆಯಿಂದ ಕೇಳುತ್ತಾರೆ. ವರದಕ್ಷಿಣೆ ನಿಷೇಧ ಕಾನೂನು ಬಂದದ್ದು 1961ರಲ್ಲಿ. ಡ್ರೋನಿನ ಬಾಡಿಗೆ ಅದರ ಕಣ್ಣಿಗೆ ಬೀಳುವುದಿಲ್ಲ.

ಹಿಂದೆ ನಮ್ಮ ಮದುವೆಗಳಿಗೆ ಸ್ವಂತದ ಮುದ್ರೆ ಇರಲಿಲ್ಲವೇ? ಢೋಲಕ್ ಹಿಡಿದು ಕೂತ ದಖನಿ ಹೆಂಗಸರು ಬೀಗಿತ್ತಿಯ ಹೆಸರು ಸೇರಿಸಿ, ಅವಳ ಮೂಗು, ಅವಳ ಜಿಪುಣತನ ಎಲ್ಲವನ್ನೂ ಆಗಲೇ ಹಾಡಿಗೆ ಕಟ್ಟಿ ಗೇಲಿ ಮಾಡುತ್ತಿದ್ದರು. ಆ ಹಾಡು ಆ ಮನೆಯದ್ದು, ಆ ರಾತ್ರಿಯದ್ದು. ಚಪ್ಪರಕ್ಕೆ ತೆಂಗಿನ ಗರಿ ಪಕ್ಕದ ಲಿಂಗಾಯತರ ತೋಟದಿಂದ ಬರುತ್ತಿತ್ತು. ಅವರಿಗಾಗಿ ಹಿತ್ತಲಲ್ಲಿ ಬೇರೆ ಒಲೆ ಹೂಡಿ ಸಸ್ಯಾಹಾರದ ಅಡುಗೆ ಏಳುತ್ತಿತ್ತು. ಇದಕ್ಕೆ ಬಿಲ್ಲಿರಲಿಲ್ಲ. ಈಗ ಡೀಜೆ ಬಂದು ಢೋಲಕ್ ಮೂಲೆ ಸೇರಿತು.

ನಿಕಾಹ್‌ನಲ್ಲೇ ಅತ್ಯಂತ ಸ್ವಂತದ್ದೊಂದಿದೆ: ಮೆಹರ್. ಕುರ್‌ಆನ್ ಅದನ್ನು ಹೆಣ್ಣಿನ ಹಕ್ಕೆಂದು ಸಾರಿದೆ. ಬಡವನೊಬ್ಬನಿಗೆ ಪ್ರವಾದಿಯವರು ಕಬ್ಬಿಣದ ಉಂಗುರವಾದರೂ ಹುಡುಕು ಎಂದರು. ಅದೂ ಸಿಗದಾಗ ಅವನಿಗೆ ಗೊತ್ತಿದ್ದ ಕುರ್‌ಆನಿನ ಅಧ್ಯಾಯಗಳೇ ಮೆಹರ್ ಆದವು. ಉಮ್ಮೆ ಸುಲೈಮ್ ಅವರು ಅಬೂ ತಲ್ಹಾರಿಂದ ಚಿನ್ನ ಕೇಳಲಿಲ್ಲ, ಈಮಾನ್ ಕೇಳಿದರು. ಪ್ರತಿ ಹೆಣ್ಣಿಗೂ ಬೇರೆಯೇ ಆಗಿರಬಹುದಾದ ಆ ಒಂದನ್ನು ಹಿರಿಯರು ಹೊರಗೆ ಕೂತು, ‘ಎಲ್ಲರದ್ದೂ ಎಷ್ಟೋ ಅಷ್ಟೇ ಬರೀರಿ’ ಎಂದು ಮುಗಿಸುತ್ತಾರೆ. ಬಾಟಲಿಯ ಚೀಟಿಗೆ ಮೂರು ದಿನದ ಚರ್ಚೆ, ಮೆಹರಿಗೆ ಮೂರು ನಿಮಿಷ!

ಕನ್ನಡದಲ್ಲಿ ಕುವೆಂಪು ದಾರಿ ತೋರಿಸಿದ್ದಾರೆ. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ಸರಳ ಪದ್ಧತಿಯಲ್ಲಿ ನಡೆಸಿದರು. ಆ ಮದುವೆಯನ್ನು ನಾಡು ಇಂದಿಗೂ ನೆನೆಯುವುದು ಮಂಟಪಕ್ಕಾಗಿ ಅಲ್ಲ, ಅದರ ಹಿಂದಿನ ವಿಚಾರಕ್ಕಾಗಿ.

ವಿಶೇಷವೇ ಬೇಕೆನ್ನುವ ನಮ್ಮ ಹುಡುಗ ಹುಡುಗಿಯರಿಗೆ ಕೆಲಸವಿದೆ. ಮೆಹರನ್ನು ಹುಡುಗಿ ತಾನೇ ಹೇಳಲಿ, ಅಂದೇ ಅವಳ ಕೈಗೆ ಬರಲಿ. ಓದು ನಿಲ್ಲಿಸಬಾರದು ಎಂಬ ಶರತ್ತನ್ನು, ಹನಫಿ ಫಿಕ್ಹ್ ಒಪ್ಪುವ ತಲಾಖೆ ತಫ್ವೀಜನ್ನು ನಿಕಾಹ್‌ನಾಮಾದಲ್ಲಿ ಬರೆಸಲಿ. ನಿಕಾಹ್ ಮಸೀದಿಯಲ್ಲಾಗಲಿ, ವಲೀಮಾ ಹುಡುಗನ ಸ್ವಂತ ದುಡಿಮೆಯ ಅಳತೆಯಲ್ಲಿರಲಿ. ವಕೀಲ ಮತ್ತು ಸಾಕ್ಷಿಗಳು ಹುಡುಗಿಯ ಒಪ್ಪಿಗೆ ಕೇಳಲು ಹೋದಾಗ ಐದು ನಿಮಿಷ ಡೀಜೆ ಬಾಯಿ ಮುಚ್ಚಲಿ. ಇಡೀ ಮದುವೆಯಲ್ಲಿ ಅವಳದ್ದು ಮಾತ್ರ ಆಗಿರುವ ಆ ಒಂದು ಮಾತು ಅಲ್ಲಿದ್ದವರಿಗಾದರೂ ಕೇಳಿಸಬೇಕಲ್ಲ!